1972ರ ಎಂಜಿಬಿ ಜಿಟಿ ಕಾರನ್ನು ಹರಾಜಿಗೆ ಕೊಡಬಹುದೇ?

ಪ್ರಶ್ನೆ:
ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ನನ್ನ ಬಳಿ ಕ್ರೋಮ್ ಬಂಪರಿನ 1972ರ ಎಂಜಿಬಿ ಜಿಟಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದೆ. ಎಂಜಿನ್ ಚೆನ್ನಾಗಿದೆ, ಆದರೆ ಬಾಗಿಲುಗಳ ಕೆಳಗಿನ ಸಿಲ್‌ಗಳಲ್ಲಿ ತುಕ್ಕು ಕಾಣಿಸಿದೆ. ಬಾಡಿಗೆಯ ಗ್ಯಾರೇಜನ್ನು ಬಿಟ್ಟುಕೊಡಬೇಕಾಗಿರುವುದರಿಂದ ಕಾರನ್ನು ಮಾರಲೇಬೇಕು. ಹರಾಜು ಸಂಸ್ಥೆಯವರು 8,000ದಿಂದ 10,000 ಪೌಂಡ್ ಬರಬಹುದೆಂದು ಅಂದಾಜು ಹೇಳಿದ್ದಾರೆ. ಮೀಸಲು ಬೆಲೆಯನ್ನು, ಅಂದರೆ ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಬೆಲೆಯನ್ನು, ಎಷ್ಟಕ್ಕೆ ಇಡಬೇಕು? ಮೊದಲು ಹೊಸ ಬಣ್ಣ ಹೊಡೆಸುವುದು ಒಳ್ಳೆಯದೇ? ಬಂದ ಹಣಕ್ಕೆ ತೆರಿಗೆ ಇದೆಯೇ?

ಉತ್ತರ 1:
ಅಂದಾಜಿನ ಮೊತ್ತ ನಿಮ್ಮ ಕೈಸೇರುವ ಮೊತ್ತವಲ್ಲ. ಹರಾಜು 8,000 ಪೌಂಡಿಗೆ ನಿಂತು, ಮಾರುವವರ ಕಮಿಷನ್ ಶೇ. 6 ಮತ್ತು ಕೊಳ್ಳುವವರು ಸಂಸ್ಥೆಗೆ ಹೆಚ್ಚುವರಿಯಾಗಿ ಕೊಡಬೇಕಾದ ಪ್ರೀಮಿಯಂ ಶೇ. 12 ಇದೆ ಎಂದುಕೊಳ್ಳೋಣ. ಎರಡರ ಮೇಲೂ ಶೇ. 20 ವ್ಯಾಟ್ ಸೇರಿದರೆ ಕೊಳ್ಳುವವರು 9,152 ಪೌಂಡ್ ಕೊಡುತ್ತಾರೆ, ನಿಮಗೆ 7,424 ಪೌಂಡ್ ಬರುತ್ತದೆ. ಕಾರನ್ನು ಹರಾಜಿಗೆ ಸೇರಿಸಲು ಪ್ರವೇಶ ಶುಲ್ಕವಿದ್ದರೆ ಅದನ್ನೂ ಕಳೆಯಬೇಕು. ಈ ದರಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ, ಸಹಿ ಹಾಕುವ ಮೊದಲು ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಮೀಸಲು ಬೆಲೆಯನ್ನು ಅಂದಾಜಿನ ಕೆಳಮಿತಿಗಿಂತ ತುಸು ಕಡಿಮೆಗೇ ಇಡುವುದು ಲೇಸು. ಮಾರಾಟವಾಗದೆ ಉಳಿದ ಕಾರಿನ ವಿವರ ಅಂತರ್ಜಾಲದಲ್ಲಿ ಉಳಿದುಬಿಡುತ್ತದೆ, ಮುಂದೆ ಬರುವ ಗಿರಾಕಿ ಅದನ್ನು ನೋಡಿಕೊಂಡೇ ಚೌಕಾಸಿಗೆ ಕೂರುತ್ತಾನೆ.

ಉತ್ತರ 2:
ಹೊಸ ಬಣ್ಣವನ್ನಂತೂ ಹೊಡೆಸಬೇಡಿ. ಎಂಜಿಬಿಗೆ ಪ್ರತ್ಯೇಕ ಷಾಸಿ (ಮೈಯನ್ನು ಹೊರುವ ಅಡಿ ಚೌಕಟ್ಟು) ಇಲ್ಲದ ಕಾರಣ ಸಿಲ್‌ಗಳೇ ಕಾರಿನ ಬಲದ ಮುಖ್ಯ ಭಾಗ. ಇದನ್ನು ಬಲ್ಲ ಗಿರಾಕಿಗಳು ಹರಾಜಿಗೆ ಸ್ವಲ್ಪವೇ ಮುನ್ನ ಬಳಿದ ಹೊಸ ಬಣ್ಣವನ್ನು ಕಂಡ ಕೂಡಲೇ, ಅದರಡಿ ತುಕ್ಕನ್ನು ಮುಚ್ಚಿ ಪುಟ್ಟಿ ಹಾಕಿರಬಹುದೆಂದು ಅನುಮಾನಿಸುತ್ತಾರೆ. ತುಕ್ಕಿನ ಚಿತ್ರಗಳನ್ನು ನೀವೇ ತೆಗೆದು ವಿವರಣೆಯೊಂದಿಗೆ ಕೊಡುವುದು ಮೇಲು. 40 ವರ್ಷ ದಾಟಿದ, ಹೆಚ್ಚಿನ ಮಾರ್ಪಾಡುಗಳಿಲ್ಲದ ಕಾರಿಗೆ ಎಂಒಟಿ ಪರೀಕ್ಷೆ, ಅಂದರೆ ಬ್ರಿಟನ್ನಿನ ವಾರ್ಷಿಕ ವಾಹನ ಸುರಕ್ಷತಾ ತಪಾಸಣೆ, ಕಡ್ಡಾಯವಲ್ಲ. ಆದರೂ ಸ್ವಇಚ್ಛೆಯಿಂದ ಮಾಡಿಸಿ, ಏಕೆಂದರೆ ಅದರ ಫಲಿತಾಂಶವನ್ನು ನೋಂದಣಿ ಸಂಖ್ಯೆಯ ಮೂಲಕ ಯಾರು ಬೇಕಾದರೂ ನೋಡಬಹುದು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಿಂದ ಹೆರಿಟೇಜ್ ಪ್ರಮಾಣಪತ್ರವನ್ನೂ ತರಿಸಿ. ಕಾರು ತಯಾರಾದ ದಿನಾಂಕ, ಮೂಲ ಬಣ್ಣ ಮತ್ತು ಎಂಜಿನ್ ಸಂಖ್ಯೆ ಅದರಲ್ಲಿರುತ್ತವೆ. ಹಳೆಯ ರಸೀದಿಗಳ ಕಡತ ದಪ್ಪವಾಗಿದ್ದಷ್ಟೂ ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಇಂಥ ಕಾರಿಗೆ ಮಿರುಗುವ ಮೈಗಿಂತ ಕಡತವೇ ಹೆಚ್ಚು ಬೆಲೆ ತರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸಭಾಂಗಣದ ಹರಾಜಿಗಿಂತ ಆನ್‌ಲೈನ್ ಹರಾಜು ಉತ್ತಮವೇ?

ಉತ್ತರ 3:
ನಿಮಗೆ ಸಮಯವಿದ್ದರೆ ಆನ್‌ಲೈನ್ ಉತ್ತಮ. ಅಲ್ಲಿ ಹತ್ತಾರು ಚಿತ್ರಗಳನ್ನು ಹಾಕಬಹುದು, ಕಾರು ನಿಮ್ಮ ಬಳಿಯೇ ಇರುತ್ತದೆ, ಆದ್ದರಿಂದ ಸಾಗಣೆಯ ಖರ್ಚು ಉಳಿಯುತ್ತದೆ. ಆದರೆ ಗಿರಾಕಿಗಳ ಪ್ರಶ್ನೆಗಳಿಗೆ ಕೊನೆಯ ಗಂಟೆಯವರೆಗೂ ನೀವೇ ಉತ್ತರಿಸುತ್ತಿರಬೇಕು, ಮೌನವಾದರೆ ಬಿಡ್‌ಗಳೂ ನಿಲ್ಲುತ್ತವೆ. ಎಂಜಿಬಿ ಅಪರೂಪದ ಕಾರಲ್ಲ, ಹಾಗಾಗಿ ಕೋಟಿ ಬೆಲೆಯ ಕಾರುಗಳ ದೊಡ್ಡ ಹರಾಜಿನಲ್ಲಿ ಅದನ್ನು ಗಮನಿಸುವವರು ಕಡಿಮೆ. ತೆರಿಗೆಯ ಬಗ್ಗೆ ಹೇಳುವುದಾದರೆ, ನಿಮ್ಮ ಸ್ವಂತ ಬಳಕೆಯ ಕಾರಿನ ಮಾರಾಟಕ್ಕೆ ಬ್ರಿಟನ್ನಿನಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲ. ಕಾರುಗಳನ್ನು ಕೊಂಡು ಮಾರುವುದೇ ವ್ಯಾಪಾರವಾಗಿದ್ದರೆ ಲೆಕ್ಕ ಬೇರೆ.