ಟೈಡಿವರ್ಸ್ ಇನ್‌ಸ್ಟಾಲ್ ಆಗುತ್ತಿಲ್ಲ, ಮೂರು ದಿನ ಆಯಿತು, ಯಾರಾದರೂ ನೋಡಿ

ಮಳೆಪುಸ್ತಕ (ಸೋಮವಾರಪೇಟೆ):
ಲೆಕ್ಕ, ಗ್ರಾಫ್ ಮಾಡುವ ಆರ್ (R) ಭಾಷೆಯಲ್ಲಿ ಟೈಡಿವರ್ಸ್ ಎಂಬ ಪ್ಯಾಕೇಜ್‌ಗಳ ಕಟ್ಟು ಹಾಕಲು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಅರ್ಧ ಗಂಟೆ ಏನೇನೋ ಸಾಲುಗಳು ಓಡುತ್ತವೆ, ಕೊನೆಗೆ 'ನಾನ್-ಝೀರೋ ಎಕ್ಸಿಟ್ ಸ್ಟೇಟಸ್' ಅಂತ ಬಂದು ನಿಂತುಬಿಡುತ್ತದೆ. ಲೈಬ್ರರಿ ಕಮಾಂಡ್ ಕೊಟ್ಟು ಕರೆದರೆ ಆ ಹೆಸರಿನ ಪ್ಯಾಕೇಜೇ ಇಲ್ಲ ಅನ್ನುತ್ತದೆ. ನಮ್ಮಜ್ಜ 1974ರಿಂದ ತೋಟದ ಮಳೆ ಲೆಕ್ಕ ಬರೆದಿಟ್ಟ ಪುಸ್ತಕಗಳಿವೆ, ಅಷ್ಟನ್ನೂ ನಾನು ಮತ್ತು ತಂಗಿ ಎರಡು ತಿಂಗಳು ಕೂತು ಟೈಪ್ ಮಾಡಿದ್ದೇವೆ. ಈಗ ಒಂದು ಗ್ರಾಫ್ ಹಾಕಲು ಆಗುತ್ತಿಲ್ಲ ಅಂದರೆ ಅಳುವೇ ಬರುತ್ತದೆ. ನಾನು ಎಲ್ಲ ಸರಿಯಾಗಿಯೇ ಮಾಡಿದ್ದೇನೆ.

ಕರಿಮೆಣಸು (ಗೋಣಿಕೊಪ್ಪ):
ವಿಂಡೋಸ್‌ನಲ್ಲಿ ಪ್ಯಾಕೇಜ್ ಕಟ್ಟಲು ಬೇಕಾದ ಆರ್‌ಟೂಲ್ಸ್ ಹಾಕಿಲ್ಲ ನೀವು. ಅದೇ ಕಾರಣ. ಆರ್ 4.3 ಇದ್ದರೆ ಆರ್‌ಟೂಲ್ಸ್ 43, 4.4 ಇದ್ದರೆ 44. ಇವೆರಡು ಹೊಂದದಿದ್ದರೆ ಹೀಗೇ ಆಗುತ್ತದೆ.

ಮಳೆಪುಸ್ತಕ:
ಇಳಿಸಿದೆ ಸರ್. ಆ ಎಕ್ಸ್‌ಇ ಫೈಲ್ ತೆರೆಯುತ್ತಲೇ ಇಲ್ಲ.

ಕರಿಮೆಣಸು:
ಅಡ್ಮಿನ್ ಆಗಿ ತೆರೆಯಿರಿ. ಆಂಟಿವೈರಸ್ ಸ್ವಲ್ಪ ಹೊತ್ತು ಆಫ್ ಮಾಡಿ. ಆರ್‌ಟೂಲ್ಸ್ ಸರಿಯಾದರೆ ಎಲ್ಲ ಸರಿಯಾಗುತ್ತದೆ, ನನ್ನ ಮೂರು ಲ್ಯಾಪ್‌ಟಾಪ್‌ನಲ್ಲೂ ಅದೇ ಆಗಿದ್ದು.

ಕಾಡುದಾರಿ (ಪೊನ್ನಂಪೇಟೆ):
ಒಂದು ನಿಮಿಷ. ಎಕ್ಸ್‌ಇ ತೆರೆಯುತ್ತಿಲ್ಲ ಅಂದರೆ ಅದು ವಿಂಡೋಸ್ ಅಲ್ಲ ಅಲ್ವಾ? ಯಾವ ಸಿಸ್ಟಮ್, ಆರ್ ಯಾವ ವರ್ಷನ್, ಹೇಳಿ. ಕೊನೆಯ ಸಾಲು ಬೇಡ. ಅದು ಸೋತೆ ಅಂತ ಹೇಳುವ ಸಾಲು ಅಷ್ಟೇ, ಯಾಕೆ ಸೋತೆ ಅನ್ನುವುದು ಮೇಲೆಲ್ಲೋ ಇರುತ್ತದೆ. ಎರರ್ ಅಂತ ಮೊದಲು ಬಂದ ಸಾಲು ಹಾಕಿ.

ಮಳೆಪುಸ್ತಕ:
ಲಿನಕ್ಸ್, ಉಬುಂಟು 22.04. ಆರ್ 4.1.2, ಅದರ ಜೊತೆಗೇ ಬಂದದ್ದು. ಮೇಲೆ ಹೋಗಿ ನೋಡಿದೆ, 'ಫೇಲ್ಡ್ ಟು ಲಾಕ್ ಡೈರೆಕ್ಟರಿ' ಅಂತ ಇದೆ. ಅದರ ಕೆಳಗೆ 00ಲಾಕ್-ಆರ್‌ಲ್ಯಾಂಗ್ ತೆಗೆದು ನೋಡಿ ಅಂತಲೂ ಇದೆ (ಆರ್‌ಲ್ಯಾಂಗ್ ಟೈಡಿವರ್ಸ್‌ಗೆ ಬೇಕಾದ ಒಂದು ಪ್ಯಾಕೇಜ್). ತೆಗೆಯಲು ಹೆದರಿಕೆ ಆಯಿತು. ಮೊದಲ ದಿನ ಇದು ಇರಲಿಲ್ಲ. ಅವತ್ತು ಅರ್ಧಕ್ಕೆ ಕರೆಂಟ್ ಹೋಗಿತ್ತು, ಲೈನ್ ಮೇಲೆ ಮರ ಬಿದ್ದಿತ್ತು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ನಿಲ್ಲುವುದಿಲ್ಲ.

ಕಾಡುದಾರಿ:
ಕರೆಂಟ್ ಹೋದದ್ದನ್ನು ಮೊದಲೇ ಹೇಳಬೇಕಿತ್ತು. ಉಬುಂಟುವಿನಲ್ಲಿ ನೀವು ಸುಮ್ನೆ ಇನ್‌ಸ್ಟಾಲ್ ಕೊಟ್ಟರೆ ಆರ್ ಸೋರ್ಸ್ ಕೋಡ್ ತಂದು ನಿಮ್ಮ ಮಷೀನಿನಲ್ಲೇ ಕಂಪೈಲ್ ಮಾಡುತ್ತದೆ, ಅಂದರೆ ಮಷೀನ್ ಓಡಿಸಬಲ್ಲ ರೂಪಕ್ಕೆ ತರುತ್ತದೆ. ಅದಕ್ಕೇ ಅರ್ಧ ಗಂಟೆ. ಆ ಹೊತ್ತಿನಲ್ಲಿ ಬೇರೆ ಯಾರೂ ಆ ಜಾಗ ಮುಟ್ಟದಿರಲಿ ಅಂತ ಪ್ಯಾಕೇಜ್‌ಗಳಿರುವ ಲೈಬ್ರರಿ ಫೋಲ್ಡರ್ ಒಳಗೆ ಒಂದು ಲಾಕ್ ಫೋಲ್ಡರ್ ಮಾಡಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ತಾನೇ ತೆಗೆಯುತ್ತದೆ. ಮಧ್ಯೆ ಕರೆಂಟ್ ಹೋದರೆ ತೆಗೆಯುವವರು ಯಾರೂ ಇಲ್ಲ. ಮುಂದಿನ ಸಲ ಅದನ್ನು ನೋಡಿ, ಇನ್ನೂ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ನಿಂತುಬಿಡುತ್ತದೆ. ಆರ್ ಪೂರ್ತಿ ಮುಚ್ಚಿ. ಹೋಮ್ ಫೋಲ್ಡರ್‌ನ ಆರ್ ಒಳಗೆ ಕೊನೆಗೆ 4.1 ಅಂತ ಇರುವ ಫೋಲ್ಡರ್ ನೋಡಿ, 00ಲಾಕ್ ಅಂತ ಶುರುವಾಗುವುದನ್ನೆಲ್ಲ ಅಳಿಸಿ. ಹೆದರಬೇಡಿ, ನಿಮ್ಮ ಮಳೆ ಲೆಕ್ಕ ಅಲ್ಲಿಲ್ಲ.

ಕರಿಮೆಣಸು:
4.1.2 ತುಂಬ ಹಳೇದು. ಮೊದಲು ಆರ್ ಹೊಸದು ಹಾಕಲಿ.

ಕಾಡುದಾರಿ:
ಹೊಸದು ಒಳ್ಳೆಯದೇ, ಆದರೆ ಈಗ ಬೇಡ. 4.1 ಹೋಗಿ 4.4 ಬಂದರೆ ಲೈಬ್ರರಿ ಫೋಲ್ಡರ್ ಬೇರೆ, ಹಾಕಿದ ಪ್ಯಾಕೇಜ್‌ಗಳನ್ನೆಲ್ಲ ಮತ್ತೆ ಹಾಕಬೇಕು. ಈ ಗಾಳಿ ಮಳೆಯಲ್ಲಿ ಅವರಿಗೆ ಅದೇ ಕಷ್ಟ ಇನ್ನೊಂದು ಸಲ.

ಹಾರಂಗಿ (ಕುಶಾಲನಗರ):
ನಾನು ಸೋಲಾರ್ ಮತ್ತು ಎರಡು ಯುಪಿಎಸ್ ಇಟ್ಟಿದ್ದೇನೆ. 32 ಜಿಬಿ ರ್‍ಯಾಮ್, ಎಂಟು ಕೋರ್. ಇನ್‌ಸ್ಟಾಲ್ ಕಮಾಂಡಿನಲ್ಲಿ ಎನ್‌ಸಿಪಿಯುಸ್ (Ncpus) ಅನ್ನುವ ಕಡೆ 8 ಕೊಟ್ಟರೆ ಎಂಟು ಪ್ಯಾಕೇಜ್‌ವರೆಗೆ ಒಟ್ಟಿಗೇ ಕಂಪೈಲ್ ಆಗುತ್ತವೆ, ಒಂದು ಕಪ್ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಅದಿರಲಿ, ಡೇಟಾ ಇಂಚಿನಲ್ಲೋ ಮಿಲಿಮೀಟರ್‌ನಲ್ಲೋ? ಮೊದಲು ಎಲ್ಲ ಮಿಲಿಮೀಟರ್ ಮಾಡಿಕೊಳ್ಳಿ.

ಮಳೆಪುಸ್ತಕ:
ಅಜ್ಜ ಬರೆದಿದ್ದು ಇಂಚು ಮತ್ತು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ). ಹಾಗೇ ಟೈಪ್ ಮಾಡಿದ್ದೇವೆ.

ಕರಿಮೆಣಸು:
ಹಾಗೇ ಇರಲಿ. ತೋಟದಲ್ಲಿ ಯಾರು ಮಿಲಿಮೀಟರ್‌ನಲ್ಲಿ ಮಾತಾಡುತ್ತಾರೆ? ಕಾಫಿ ಹೂ ಬಿಡಿಸುವ ಹೂಮಳೆ ಒಂದು ಇಂಚು ಬಿತ್ತು ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. 25 ಮಿಲಿಮೀಟರ್ ಅಂದರೆ ನಮ್ಮಪ್ಪ ಬಾಯಿ ನೋಡುತ್ತಾರೆ.

ಹಾರಂಗಿ:
ಹವಾಮಾನ ಇಲಾಖೆಯ ಲೆಕ್ಕದ ಜೊತೆ ಹೋಲಿಸಬೇಕಾದರೆ ಮಿಲಿಮೀಟರೇ ಬೇಕು. ಅಪ್ಪನಿಗೆ ಅರ್ಥ ಆಗುವುದಿಲ್ಲ ಅಂತ ಡೇಟಾ ಕೆಡಿಸಬೇಕೇ?

ಕರಿಮೆಣಸು:
ಕೆಡಿಸುವ ಮಾತು ಯಾರು ಆಡಿದರು? ಬರೆದವರು ಬರೆದ ಹಾಗೆ ಇರಬೇಕು ಅಂದೆ.

ಕಾಡುದಾರಿ:
ಬರೆದದ್ದು ಹಾಗೇ ಇರಲಿ, ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಇಂಚನ್ನು 25.4ರಿಂದ ಗುಣಿಸಿ. ಅದಕ್ಕಿಂತ ಮುಖ್ಯ ಒಂದಿದೆ. ಅಜ್ಜ ಏನೂ ಬರೆಯದ ದಿನ ಇದ್ದರೆ ಅಲ್ಲಿ ಸೊನ್ನೆ ಹಾಕಬೇಡಿ, ಎನ್‌ಎ (NA, ಮಾಹಿತಿ ಇಲ್ಲ) ಅಂತ ಬಿಡಿ. ಮಳೆ ಬರದ ದಿನ ಬೇರೆ, ಅಜ್ಜ ಮದುವೆಗೋ ಆಸ್ಪತ್ರೆಗೋ ಹೋದ ದಿನ ಬೇರೆ.

ಮಳೆಪುಸ್ತಕ:
ಅಯ್ಯೋ, ನಾವು ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ಹಾಕಿದ್ದೇವೆ. ಪುಸ್ತಕ ಇಟ್ಟುಕೊಂಡು ಮತ್ತೆ ನೋಡಬೇಕು. ಒಳ್ಳೆ ಸಮಯಕ್ಕೆ ಹೇಳಿದಿರಿ.
ಲಾಕ್ ಫೋಲ್ಡರ್ ಎರಡು ಇದ್ದವು, ಅಳಿಸಿದೆ. ಆರ್‌ಲ್ಯಾಂಗ್ ಹಾಕಿಕೊಂಡಿತು! ಆದರೆ ಈಗ ಕರ್ಲ್ ಮತ್ತು ಎಕ್ಸ್‌ಎಂಎಲ್2 ಅನ್ನುವ ಪ್ಯಾಕೇಜ್ ಎರಡೂ ಬೀಳುತ್ತಿವೆ.

ಕಾಡುದಾರಿ:
ಅದು ಆರ್‌ನ ತಪ್ಪಲ್ಲ, ಸಿಸ್ಟಮ್‌ನಲ್ಲಿ ಇರಬೇಕಾದ ಫೈಲುಗಳಿಲ್ಲ. ಟರ್ಮಿನಲ್‌ನಲ್ಲಿ ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್ ಆಪ್ಟ್ ಮೂಲಕ ಲಿಬ್‌ಕರ್ಲ್4-ಓಪನ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಕ್ಸ್‌ಎಂಎಲ್2-ಡೆವ್, ಈ ಮೂರು ಹಾಕಿ. ಕೊನೆಯ ಡೆವ್ ಬಿಡಬೇಡಿ, ಕಂಪೈಲ್‌ಗೆ ಬೇಕಾದದ್ದು ಅದೇ. ಇನ್ನೂ ಸುಲಭ ಬೇಕಾದರೆ ಆಪ್ಟ್‌ನಲ್ಲೇ ಆರ್-ಕ್ರಾನ್-ಟೈಡಿವರ್ಸ್ ಅಂತ ರೆಡಿ ಪ್ಯಾಕೇಜ್ ಇದೆ. ಸ್ವಲ್ಪ ಹಳೇ ವರ್ಷನ್, ಆದರೆ ಕಂಪೈಲ್ ಇಲ್ಲ, ಬೇಗ ಮುಗಿಯುತ್ತದೆ. ಮತ್ತೆ ಕರೆಂಟ್ ಹೋಗುವ ಮೊದಲು ಮುಗಿಸಬೇಕಾದರೆ ಅದೇ ಸರಿ.

ಕರಿಮೆಣಸು:
ಲಿನಕ್ಸ್ ಅಂತ ಮೊದಲೇ ಗೊತ್ತಿದ್ದರೆ ನಾನೂ ಆರ್‌ಟೂಲ್ಸ್ ಅನ್ನುತ್ತಿರಲಿಲ್ಲ. ನಿಮ್ಮ ಒಂದು ಸಂಜೆ ಹಾಳು ಮಾಡಿದೆ, ಬೇಸರ ಮಾಡಿಕೊಳ್ಳಬೇಡಿ.

ಮಳೆಪುಸ್ತಕ:
ಇಲ್ಲ ಸರ್, ಹೇಳದೇ ಇದ್ದದ್ದು ನಾನೇ. ಡೆವ್ ಮೂರೂ ಹಾಕಿ ಬೆಳಿಗ್ಗೆ ಐದಕ್ಕೆ ಎದ್ದು ಕೂತೆ, ಪೂರ್ತಿ ಆಯಿತು. ಒಂದೊಂದೇ ವರ್ಷದ ಜುಲೈ ತಿಂಗಳ ಗ್ರಾಫ್ ಬಂತು. ಅಜ್ಜಿಗೆ ತೋರಿಸಿದೆ. ಅವರು ಪರದೆ ಮುಟ್ಟಿ ಮುಟ್ಟಿ, ಈ ವರ್ಷ ಯಾವುದು, ಆ ವರ್ಷ ಯಾವುದು ಅಂತ ಕೇಳುತ್ತಾ ಕೂತರು.

ಕಿತ್ತಳೆ (ನಾಪೋಕ್ಲು):
ನನಗೂ ಹೀಗೇ ಅಕ್ಕ, ಆದರೆ ಎಸ್‌ಎಫ್ ಪ್ಯಾಕೇಜ್. ತೋಟದ ಗಡಿಯ ಮ್ಯಾಪ್ ಮಾಡಬೇಕು. ಅದಕ್ಕೆ ಬೇಕಾದ ಯೂನಿಟ್ಸ್ ಅನ್ನುವ ಪ್ಯಾಕೇಜ್‌ನಲ್ಲೇ ನಿಲ್ಲುತ್ತದೆ. ಲಾಕ್ ಫೋಲ್ಡರ್ ಇಲ್ಲ, ನೋಡಿದೆ. ಲಿನಕ್ಸ್ ಮಿಂಟ್ ಹಾಕಿದ್ದೇನೆ.

ಕಾಡುದಾರಿ:
ಲಿಬ್‌ಯುಡಿಯುನಿಟ್ಸ್2-ಡೆವ್ ಹಾಕಿ. ಆಮೇಲೆ ಲಿಬ್‌ಜಿಡಾಲ್-ಡೆವ್ ಕೇಳುತ್ತದೆ, ಅದನ್ನೂ ಈಗಲೇ ಹಾಕಿಬಿಡಿ. ಮತ್ತೆ ಬಿದ್ದರೆ ಎರರ್‌ನ ಮೊದಲ ಸಾಲು ಹಾಕಿ, ಹೊಸದಾಗಿ ಬೇರೆ ಪ್ರಶ್ನೆ ತೆರೆಯಿರಿ.