ಬೌಂಡ್ ರೇಟ್, ಅಪ್ಲೈಡ್ ರೇಟ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ರಾಯಚೂರು ಕಡೆಯ ರೈತರಿಗೆ ವ್ಯಾಪಾರ ಒಪ್ಪಂದಗಳ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಈ ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಇದಕ್ಕಿಂತ ಜಾಸ್ತಿ ಆಮದು ಸುಂಕ ಹಾಕುವುದಿಲ್ಲ ಎಂದು ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ದೇಶವೊಂದು ಬರೆದುಕೊಟ್ಟದ್ದು ಬೌಂಡ್ ರೇಟ್. ಬಂದರಿನಲ್ಲಿ ಇವತ್ತು ನಿಜವಾಗಿ ವಸೂಲಿ ಮಾಡುವುದು ಅಪ್ಲೈಡ್ ರೇಟ್. ಸೂರ್ಯಕಾಂತಿ ಎಣ್ಣೆಯನ್ನೇ ನೋಡಿ. ನಾವು ಬರೆದುಕೊಟ್ಟದ್ದು ಶೇ 300. ಕಚ್ಚಾ ಎಣ್ಣೆಯ ಮೂಲ ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಶೇ 20ಕ್ಕೆ ಏರಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು.

ರಾಜಕೀಯವೆಲ್ಲ ಈ ಅಂತರದಲ್ಲೇ ಇದೆ. ಅಡುಗೆ ಎಣ್ಣೆ ತುಟ್ಟಿಯಾದರೆ ಪೇಟೆಯವರು ಗೊಣಗುತ್ತಾರೆ. ರಿಫೈನರಿಯವರಿಗೆ ಕಚ್ಚಾ ಎಣ್ಣೆ ಅಗ್ಗಕ್ಕೆ ಬೇಕು, ಶುದ್ಧ ಎಣ್ಣೆಗೆ ಮಾತ್ರ ಸುಂಕ ಬೇಕು. ಗಂಜ್‌ಗೆ, ಅಂದರೆ ಮಾರುಕಟ್ಟೆಗೆ, ಸೂರ್ಯಕಾಂತಿ ತರುವ ರೈತನ ಮಾತು ದಿಲ್ಲಿಗೆ ಮುಟ್ಟುವುದು ಕೊನೆಗೆ. ಸುಂಕ ಇಳಿದ ಕೂಡಲೇ 'ಡಬ್ಲ್ಯುಟಿಒ ಇಳಿಸಿತು' ಅಂತ ಭಾಷಣ ಶುರು! ಸೂರ್ಯಕಾಂತಿ ವಿಷಯದಲ್ಲಿ ಅದು ಸುಳ್ಳು. ಇಳಿಸಿದ್ದು ನಮ್ಮ ಸರ್ಕಾರವೇ. ಸೋಯಾ ಎಣ್ಣೆಯ ಕತೆ ಬೇರೆ, ಅಲ್ಲಿ ಮಿತಿಯೇ ಶೇ 45. ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆ ಮಾಡಿಕೊಂಡ, 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಂತೂ ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಹಂತಹಂತವಾಗಿ ಶೇ 37.5ಕ್ಕೆ ಇಳಿಸಲು ಒಪ್ಪಿಕೊಂಡೆವು.

ಇನ್ನು ಪದಗಳು. ಬೌಂಡ್ ರೇಟ್‌ಗೆ 'ಬದ್ಧ ದರ' ಅಂದರೆ ಕಟ್ಟಲೇಬೇಕಾದ ದರ ಅನ್ನಿಸುತ್ತದೆ. ಅರ್ಥ ಪೂರಾ ಉಲ್ಟಾ. 'ಗರಿಷ್ಠ ಸುಂಕ' ಪರವಾಗಿಲ್ಲ, ಆದರೆ 1991ರ ನಂತರ ಬಜೆಟ್‌ಗಳಲ್ಲಿ ಇಳಿಯುತ್ತಾ ಬಂದ 'ಪೀಕ್ ರೇಟ್'ಗೂ, ಅಂದರೆ ವಸೂಲಿ ಮಾಡುವ ಸುಂಕಗಳಲ್ಲಿ ಅತಿ ಹೆಚ್ಚಿನದಕ್ಕೂ, ಅದೇ ಹೆಸರು. ಸದ್ಯಕ್ಕೆ 'ಒಪ್ಪಿದ ಮೇಲ್ಮಿತಿ', 'ವಸೂಲಿ ಸುಂಕ' ಅಂತ ಬರೆದುಕೊಂಡಿದ್ದೇನೆ. ಮೊದಲನೆಯದು ಸ್ವಲ್ಪ ಉದ್ದವಾಯಿತು, ಅಲ್ವಾ? ಎರಡರ ನಡುವಿನ ಅಂತರಕ್ಕೆ ಇಂಗ್ಲಿಷಿನವರು 'ವಾಟರ್' ಅನ್ನುತ್ತಾರೆ. ತುಂಗಭದ್ರಾ ಕಾಲುವೆಯ ಕೊನೆಭಾಗದವರ ಮುಂದೆ 'ಸುಂಕದ ನೀರು' ಅಂದರೆ ಯಾವಾಗ ಬಿಡ್ತೀರಿ ಅಂತ ಕೇಳಿಯಾರು!

ಇನ್ನೊಂದು ಪ್ರಶ್ನೆ. ನಿಜಾಮರ ಆಡಳಿತದಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಅನ್ನುತ್ತಿದ್ದರು. ಬಳ್ಳಾರಿ ಆಗ ಮದ್ರಾಸಿನಲ್ಲಿ, ರಾಯಚೂರು ಹೈದರಾಬಾದಿನಲ್ಲಿ. ಗಡಿ ದಾಟುವ ಸರಕಿಗೆ ಕಾಗದದಲ್ಲಿದ್ದ ದರಕ್ಕೂ ನಾಕೆಯಲ್ಲಿ ತೆಗೆದುಕೊಳ್ಳುತ್ತಿದ್ದ ಹಣಕ್ಕೂ ಬೇರೆ ಬೇರೆ ಮಾತು ಇತ್ತೇ? ಮನೆಯ ಹಿರಿಯರಿಂದ ಕೇಳಿದ್ದರೆ ತಿಳಿಸಿ, ಉರ್ದು ಮಾತಾದರೂ ಸರಿ.