ಇಸಿಜಿ ನಾರ್ಮಲ್ ಬಂತು, ಇನ್ನು ಚಿಂತೆ ಇಲ್ಲ ಅಲ್ವಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 42 ವರ್ಷ. ಅಪ್ಪನಿಗೆ 51ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿತ್ತು. ಅದೇ ಭಯಕ್ಕೆ ಇಸಿಜಿ, ಎಕೋ ಮಾಡಿಸಿದೆ. ಎರಡೂ ನಾರ್ಮಲ್. ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಆಂಜಿಯೋಗ್ರಾಂ ಕೂಡ ಮಾಡಿಸಿಬಿಡಿ ಅಂತ ಒಬ್ಬರು ಹೇಳುತ್ತಿದ್ದಾರೆ. ಗೆಳೆಯನೊಬ್ಬ ದಿನಾ ಆಸ್ಪಿರಿನ್ ನುಂಗುತ್ತಾನೆ. ನಾನೂ ಶುರು ಮಾಡಲಾ?

ಡಾಕ್ಟರ್: ನಾರ್ಮಲ್ ಬಂದಿದ್ದು ಒಳ್ಳೆಯದೇ. ಆದರೆ ಇಸಿಜಿ ಬರೆದುಕೊಳ್ಳುವುದು ಸುಮಾರು 10 ಸೆಕೆಂಡಿನ ಬಡಿತವನ್ನು, ಅದೂ ನೀವು ಸುಮ್ನೆ ಮಲಗಿದ್ದಾಗ. ಎಕೋ ತೋರಿಸುವುದು ಹೃದಯದ ಸ್ನಾಯು ಮತ್ತು ವಾಲ್ವ್‌ಗಳನ್ನು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುತ್ತಿದೆಯಾ ಅನ್ನೋದು ಎರಡರಲ್ಲೂ ಗೊತ್ತಾಗುವುದಿಲ್ಲ. ನಾಳ ಪೂರ್ತಿ ಕಿರಿದಾದ ಮೇಲೇ ಅಟ್ಯಾಕ್ ಆಗುತ್ತದೆ ಅಂತಲೂ ಇಲ್ಲ. ಅರ್ಧ ಕೂಡ ಮುಚ್ಚಿರದ ಜಾಗದಲ್ಲಿ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಕಟ್ಟಿಹೋಗಬಹುದು.

ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ 51. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಈ ಕಾಯಿಲೆ ಬಂದಿದ್ದರೆ ಉಳಿದವರು ಬೇಗ ಎಚ್ಚೆತ್ತುಕೊಳ್ಳಬೇಕು. ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಟೆಸ್ಟ್) ಮಾಡಿಸಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಲಿಪೊಪ್ರೋಟೀನ್ ಎ ಅನ್ನೋ ಕಣದ ಮಟ್ಟವನ್ನೂ ಒಂದು ಸಲ ನೋಡಿಸಿ. ಅದು ಹುಟ್ಟಿನಿಂದಲೇ ಬರುವಂಥದ್ದು, ಮಾಮೂಲಿ ಕೊಲೆಸ್ಟ್ರಾಲ್ ಟೆಸ್ಟಿನಲ್ಲಿ ಸೇರಿರುವುದಿಲ್ಲ.

ಏನೂ ತೊಂದರೆ ಇಲ್ಲದೆ ಆಂಜಿಯೋಗ್ರಾಂ ಬೇಡ. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕಾ ಬೇಡವಾ ಅನ್ನೋ ಅನುಮಾನ ಉಳಿದರೆ ಸಿಟಿ ಕ್ಯಾಲ್ಸಿಯಂ ಸ್ಕೋರ್, ಅಂದರೆ ಹೃದಯದ ನಾಳಗಳಲ್ಲಿ ಕೂತ ಕ್ಯಾಲ್ಸಿಯಂ ಅಳೆಯುವ ಸ್ಕ್ಯಾನ್, ಸಹಾಯಕ್ಕೆ ಬರುತ್ತದೆ. ಆಸ್ಪಿರಿನ್ ಅಂತೂ ಗೆಳೆಯನನ್ನು ನೋಡಿ ತಗೊಳ್ಳುವ ಮಾತ್ರೆ ಅಲ್ಲ. ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಅಂದಹಾಗೆ, ಸಿಗರೇಟಿನ ವಿಷಯ ನೀವು ಬರೆದೇ ಇಲ್ಲ. ಸೇದುತ್ತಿದ್ದರೆ ಈ ಟೆಸ್ಟುಗಳಿಗೂ ಮೊದಲು ಅದನ್ನು ಬಿಡಿ.

ಇನ್ನೊಬ್ಬರು: ಕ್ಲಿನಿಕ್‌ನಲ್ಲಿ ನನ್ನ ಬಿಪಿ 150/94 ಬರುತ್ತೆ, ಮನೆಯಲ್ಲಿ 128/80. ಯಾವುದನ್ನು ನಂಬೋದು ಸರ್?

ಡಾಕ್ಟರ್: ಸರಿಯಾಗಿ ನೋಡಿದ್ದರೆ ಮನೆಯದನ್ನು. ಆದರೆ ಸರಿಯಾಗಿ ನೋಡುವವರು ಕಡಿಮೆ! ಕಾಫಿ, ಸಿಗರೇಟ್ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಕಟ್ಟಿಕೊಂಡು ಕೂರಬೇಡಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕೂತಿರಿ. ಬಿಪಿ ಯಂತ್ರದ ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಇರಲಿ. ಮಾತು ಬೇಡ, ಮೊಬೈಲೂ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬೆಳಿಗ್ಗೆ, ಸಂಜೆ ಹೀಗೆ ಒಂದು ವಾರ ಬರೆದಿಡಿ. ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಬಿಪಿಯೇ, ಟೆನ್ಶನ್ ಅಂತ ತಳ್ಳಿಹಾಕಬೇಡಿ. ಕಡಿಮೆ ಇದ್ದರೂ ಬರೆದಿಟ್ಟಿದ್ದನ್ನು ನಿಮ್ಮ ಡಾಕ್ಟರಿಗೆ ತೋರಿಸಿ.

ಮತ್ತೊಬ್ಬರು: ಅಮ್ಮನಿಗೆ 63, ಶುಗರ್ ಇದೆ. ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯಲ್ಲಿ ಏನೋ ಹಿಡಿದಂತೆ. ನಿಂತರೆ ಹೋಗುತ್ತೆ. ಗ್ಯಾಸ್ ಅಂತ ಮಾತ್ರೆ ತಗೊಳ್ತಾರೆ.

ಡಾಕ್ಟರ್: ಗ್ಯಾಸ್‌ಗೆ ಮೆಟ್ಟಿಲು ಗೊತ್ತಾಗುವುದಿಲ್ಲ ಮೇಡಂ. ಶ್ರಮಪಟ್ಟಾಗ ಬಂದು ನಿಂತಾಗ ಹೋಗುವುದನ್ನು ಹೃದಯದ್ದೇ ಅಂದುಕೊಂಡು ನೋಡಬೇಕು. ಶುಗರ್ ಇರುವವರಲ್ಲಿ ಎಷ್ಟೋ ಸಲ ಎದೆನೋವೇ ಇರುವುದಿಲ್ಲ, ಬರೀ ಏದುಸಿರು, ಸುಸ್ತು. ನಾಳೆಯೇ ತೋರಿಸಿ, ಅಲ್ಲಿಯವರೆಗೆ ಮೆಟ್ಟಿಲು ಬೇಡ. ಕೂತಲ್ಲೇ ಬಂದರೆ, ನಿಂತ ಮೇಲೂ ಹೋಗದಿದ್ದರೆ, ಬೆವರು ಅಥವಾ ವಾಂತಿ ಜತೆಗಿದ್ದರೆ ನಾಳೆಗೆ ಕಾಯಬೇಡಿ, ಆಂಬ್ಯುಲೆನ್ಸ್ ಕರೆಸಿ.